ಕುರ್ಚಿ ಯಾರಿಗೆ, ಎಷ್ಟು ದಿನಕ್ಕೆ? ಹಾಸನ ಜಿಲ್ಲೆಯ ವರ್ಗಾವಣೆ ಮತ್ತು ಪ್ರಾತಿನಿಧ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದ್ವಿತೀಯ ದರ್ಜೆ ಸಹಾಯಕಿಯಾಗಿ ಕಂದಾಯ ಇಲಾಖೆಗೆ ಸೇರಿ, ಹಾಸನ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡಿ, ಶಿರಸ್ತೇದಾರಳಾಗಿ ನಿವೃತ್ತಳಾದವಳು. ಈಗಲೂ ವಾರಕ್ಕೆ ಎರಡು ದಿನ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಕುಳಿತು, ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಅಲ್ಲಿಗೆ ಬರುವವರು ಹೆಚ್ಚಾಗಿ ಎರಡು ಮಾತು ಕೇಳುತ್ತಾರೆ. ಒಂದು, "ಸಾಹೇಬರು ಮತ್ತೆ ಬದಲಾದರಂತೆ ಮೇಡಂ, ನನ್ನ ಕಡತ ಏನಾಯಿತು?" ಇನ್ನೊಂದು, "ಈ ಸಲ ನಮ್ಮ ಕಡೆಯವರೇ ಅಧ್ಯಕ್ಷರಾಗಿದ್ದಾರೆ, ಇನ್ನಾದರೂ ನಮ್ಮ ಕೆಲಸ ಆಗುತ್ತದೆಯೇ?" ಈ ಎರಡು ಪ್ರಶ್ನೆಗಳಿಗೂ ಒಂದೇ ಬೇರು, ಕುರ್ಚಿಯಲ್ಲಿ ಕುಳಿತವರಿಗೆ ಎಷ್ಟು ಕಾಲ ಸಿಗುತ್ತದೆ ಎಂಬುದೇ ಆ ಬೇರು ಎಂದು ನನಗೆ ಸೇವೆಯಲ್ಲಿದ್ದಾಗ ಅಷ್ಟಾಗಿ ಹೊಳೆದಿರಲಿಲ್ಲ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ತಾಲ್ಲೂಕಿನಲ್ಲಿ ತಹಶೀಲ್ದಾರರು ಏಕೆ ಇಷ್ಟು ಬೇಗ ಬೇಗ ಬದಲಾಗುತ್ತಾರೆ?

ಕಾರಣ ಒಂದೇ ಇರುವುದಿಲ್ಲ. ಕೆಲವು ನ್ಯಾಯವಾದವು: ಮುಂಬಡ್ತಿ, ನಿವೃತ್ತಿ, ಅನಾರೋಗ್ಯ, ಗಂಡ ಹೆಂಡತಿ ಇಬ್ಬರೂ ನೌಕರರಾಗಿದ್ದರೆ ಒಂದೇ ಕಡೆ ಕೊಡಬೇಕೆಂಬ ಕೋರಿಕೆ. ಚುನಾವಣೆ ಹತ್ತಿರವಾದಾಗ ಇನ್ನೊಂದು ಅಲೆ ಏಳುತ್ತದೆ. ಚುನಾವಣಾ ಕೆಲಸಕ್ಕೆ ನೇರ ಸಂಬಂಧಪಟ್ಟ ಅಧಿಕಾರಿ ಸ್ವಂತ ಜಿಲ್ಲೆಯಲ್ಲಿರಬಾರದು, ಕಳೆದ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಒಂದೇ ಜಿಲ್ಲೆಯಲ್ಲಿದ್ದಿರಬಾರದು ಎಂದು ಚುನಾವಣಾ ಆಯೋಗ ಸೂಚಿಸುತ್ತದೆ. ಹಾಗಾಗಿ ವಿಧಾನಸಭೆ, ಲೋಕಸಭೆ ಎಂದು ಪ್ರತಿ ಸಲವೂ ಒಂದಷ್ಟು ಜನ ಎದ್ದು ಹೋಗುತ್ತಾರೆ. ಇದರ ಹಿಂದಿನ ಉದ್ದೇಶ ಒಳ್ಳೆಯದು.

ಇವೆಲ್ಲದರ ಮೇಲೆ ಇರುವುದು, ಪತ್ರಿಕೆಗಳು 'ಎತ್ತಂಗಡಿ' ಎಂದು ಕರೆಯುವ ಬಗೆ. ರಾಜ್ಯ ಸರ್ಕಾರದ ಸಾರ್ವತ್ರಿಕ ವರ್ಗಾವಣೆ ಮಾರ್ಗಸೂಚಿಯಲ್ಲಿ ಪ್ರತಿ ವೃಂದಕ್ಕೂ (ಹುದ್ದೆಗಳ ವರ್ಗಕ್ಕೂ) ಒಂದು ಸ್ಥಳದಲ್ಲಿ ಇಷ್ಟು ವರ್ಷ ಇರಬೇಕೆಂಬ ಕನಿಷ್ಠ ಅವಧಿ ಇದೆ, ವರ್ಷಕ್ಕೆ ಶೇಕಡ ಇಷ್ಟು ಜನರನ್ನು ಮಾತ್ರ ಎಂಬ ಮಿತಿಯೂ ಇದೆ. ಅವಧಿಗೆ ಮುನ್ನ ವರ್ಗಾಯಿಸಬೇಕಾದರೆ ಮುಖ್ಯಮಂತ್ರಿಯವರ ಅನುಮೋದನೆ ಬೇಕು. ಅಪರೂಪಕ್ಕೆಂದು ಇಟ್ಟ ಆ ಬಾಗಿಲು ಈಗ ಹೆದ್ದಾರಿಯಾಗಿದೆ. ಶಾಸಕರ ಶಿಫಾರಸು ಪತ್ರ ಮುಂದೆ ಹೋಗುತ್ತದೆ, ಆದೇಶ ಹಿಂದಿನಿಂದ ಬರುತ್ತದೆ. ಪಕ್ಷ ಯಾವುದೇ ಇರಲಿ, ನನ್ನ ಸೇವೆಯುದ್ದಕ್ಕೂ ಕಂಡದ್ದು ಇದನ್ನೇ.

ಜಿಲ್ಲಾಧಿಕಾರಿಗೆ ಎರಡು ವರ್ಷ ಎಂಬ ನಿಯಮ ಇದೆಯಲ್ಲ?

ಇದೆ. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ ಮೊಕದ್ದಮೆಯಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಹಿರಿಯ ಅಧಿಕಾರಿಗಳಿಗೆ ಕನಿಷ್ಠ ಅವಧಿ ಬೇಕು, ವರ್ಗಾವಣೆಯನ್ನು ಪರಿಶೀಲಿಸಲು ನಾಗರಿಕ ಸೇವಾ ಮಂಡಳಿ ಬೇಕು ಎಂದು ಹೇಳಿತು. ಅದೇ ತೀರ್ಪಿನಲ್ಲಿ, ಅಧಿಕಾರಿಗಳು ಬಾಯಿಮಾತಿನ ಆದೇಶವನ್ನು ಬರವಣಿಗೆಯಲ್ಲಿ ದಾಖಲಿಸಿಕೊಳ್ಳಬೇಕು ಎಂದೂ ಇದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಐಎಎಸ್ ವೃಂದದ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷ ಎಂದಿತು. ಅದಕ್ಕೂ ಮುಂಚೆ ತೆಗೆಯಬೇಕಾದರೆ ಮುಖ್ಯ ಕಾರ್ಯದರ್ಶಿ ನೇತೃತ್ವದ ಮಂಡಳಿ ಶಿಫಾರಸು ಮಾಡಬೇಕು. ಸರ್ಕಾರ ಆ ಶಿಫಾರಸನ್ನು ಒಪ್ಪದಿದ್ದರೆ ಕಾರಣ ಬರೆದಿಡಬೇಕು.

ಈ ನಿಯಮದ ಬಲವನ್ನೂ ಬಲಹೀನತೆಯನ್ನೂ ನಮ್ಮ ಜಿಲ್ಲೆಯೇ ಕಂಡಿದೆ. 2017ರಲ್ಲಿ ಹಾಸನಕ್ಕೆ ಜಿಲ್ಲಾಧಿಕಾರಿಯಾಗಿ ಬಂದ ರೋಹಿಣಿ ಸಿಂಧೂರಿ ಅವರನ್ನು ಒಂದು ವರ್ಷವೂ ತುಂಬುವ ಮೊದಲು, 2018ರಲ್ಲಿ ವರ್ಗಾಯಿಸಲಾಯಿತು. ಅವರು ಕೇಂದ್ರ ಆಡಳಿತ ನ್ಯಾಯಮಂಡಳಿಗೂ ಹೈಕೋರ್ಟಿಗೂ ಹೋದರು, ಅದೇ ವರ್ಷ ಇದೇ ಹುದ್ದೆಗೆ ಮರಳಿದರು. 2019ರ ಆರಂಭದಲ್ಲಿ ಮತ್ತೆ ವರ್ಗಾವಣೆಯಾಯಿತು. ಕೋರ್ಟಿನವರೆಗೂ ಹೋಗಿ ಮರಳಿ ಬಂದವರಿಗೂ ಎರಡು ವರ್ಷ ಪೂರ್ತಿ ದಕ್ಕಲಿಲ್ಲ. ಅವರ ಕೆಲಸದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ನಿಯಮ ಎಲ್ಲಿಗೆ ನಿಲ್ಲುತ್ತದೆ ಎಂಬುದು ಇದರಿಂದ ಕಾಣುತ್ತದೆ.

ಪೊಲೀಸರಿಗೆ?

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ತೀರ್ಪು ಪೊಲೀಸ್ ಮಹಾನಿರ್ದೇಶಕರಿಂದ ಹಿಡಿದು ಠಾಣಾಧಿಕಾರಿಯವರೆಗೆ ಕನಿಷ್ಠ ಎರಡು ವರ್ಷ ಎಂದಿತು, ವರ್ಗಾವಣೆಗೆಂದೇ ಪೊಲೀಸ್ ಸಿಬ್ಬಂದಿ ಮಂಡಳಿ ಇರಬೇಕೆಂದಿತು. ನಮ್ಮಲ್ಲೂ ಮಂಡಳಿ ಇದೆ. ಪಟ್ಟಿಗಳು ಬರುವ ವೇಗ ಮಾತ್ರ ಇಳಿದಿಲ್ಲ.

ಅಧಿಕಾರಿ ಬದಲಾದರೆ ನನ್ನ ಕಡತಕ್ಕೆ ಏನಾಗುತ್ತದೆ?

ಕಾನೂನಿನ ಪ್ರಕಾರ ಏನೂ ಆಗಬಾರದು. ಅರ್ಜಿ ಕೊಟ್ಟದ್ದು ಹುದ್ದೆಗೆ, ಆ ಹುದ್ದೆಯಲ್ಲಿ ಕುಳಿತ ಮನುಷ್ಯರಿಗೆ ಕೊಟ್ಟದ್ದಲ್ಲ. ನಡೆಯುವುದು ಬೇರೆ.

ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ಪಹಣಿ ತಿದ್ದುಪಡಿ ಪ್ರಕರಣವೊಂದರ ವಿಚಾರಣೆ ಏಳು ತಿಂಗಳು ನಡೆದು, ಆದೇಶಕ್ಕೆ ಕಾಯ್ದಿರಿಸಲಾಗಿತ್ತು. ಅರ್ಜಿದಾರಳು ಮಲೆನಾಡಿನ ಕಡೆಯ ಸುಮಾರು ಎಪ್ಪತ್ತು ವರ್ಷದ ಅಜ್ಜಿ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಮಡಿಸಿಟ್ಟು, ಅದರ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು, ಮೊದಲ ಬಸ್ಸಿಗೇ ಬರುತ್ತಿದ್ದರು. ಅಂದು ಮೂರು ಗಂಟೆಗೆ ತಹಶೀಲ್ದಾರರ ಮೊಬೈಲಿಗೆ ಅವರ ವರ್ಗಾವಣೆ ಆದೇಶದ ಪ್ರತಿ ಬಂತು. ಐದು ಗಂಟೆಗೆಲ್ಲ ಬೀಗದ ಕೈಗೊಂಚಲು, ಮೊಹರು, ಡಿಜಿಟಲ್ ಸಹಿಯ ಕೀಲಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಚಾರ್ಜ್ ಪಟ್ಟಿಗೆ (ಅಧಿಕಾರ ಹಸ್ತಾಂತರದ ಪಟ್ಟಿಗೆ) ಸಹಿ ಹಾಕಿ ಅವರು ಹೊರಟರು. ಪಟ್ಟಿಯಲ್ಲಿ ಕುರ್ಚಿಗಳ ಸಂಖ್ಯೆ ಇತ್ತು, ವಾಹನದ ಕಿಲೋಮೀಟರ್ ಇತ್ತು. ಆದೇಶಕ್ಕೆ ಬಾಕಿ ಇರುವ ಪ್ರಕರಣಗಳ ಒಂದು ಸಾಲು ಇರಲಿಲ್ಲ. ಹೊಸಬರು ಬಂದು ಕಡತ ನೋಡಿ 'ಪುನಃ ವಿಚಾರಣೆಗೆ' ಎಂದು ಬರೆದರು. ಅದರಲ್ಲಿ ಅವರ ತಪ್ಪಿಲ್ಲ. ವಾದ ಕೇಳದೆ ತೀರ್ಪು ಬರೆಯುವುದು ನ್ಯಾಯವೂ ಅಲ್ಲ. ಅಜ್ಜಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಅವರ ಪ್ರಕರಣ ಮುಗಿಯುವಷ್ಟರಲ್ಲಿ ಆ ಕೋಣೆಯಲ್ಲಿ ಅವರು ನಾಲ್ಕು ಮುಖ ನೋಡಿದ್ದರು. ಆ ಪಟ್ಟಿಯನ್ನು ಬೆರಳಚ್ಚು ಮಾಡಿದವಳು ನಾನೇ. ಆ ಒಂದು ಸಾಲನ್ನು ನಾನಾದರೂ ಸೇರಿಸಬಹುದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಉಪವಿಭಾಗಾಧಿಕಾರಿ ನ್ಯಾಯಾಲಯದಲ್ಲಿ ಇದರ ಪೆಟ್ಟು ಇನ್ನೂ ಜೋರು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದಾಗ, ಅಂದರೆ ಬೇರೆಯವರ ಪಾಲಾದಾಗ, ಅದನ್ನು ಹಿಂದಿರುಗಿಸಿಕೊಡಲು 1978ರ ಪಿಟಿಸಿಎಲ್ ಕಾಯ್ದೆಯಡಿ ಹೂಡುವ ಪ್ರಕರಣಗಳು ಬರುವುದು ಅಲ್ಲಿಗೇ. ನಮ್ಮ ಜಿಲ್ಲೆಯಲ್ಲಿ ಹಾಸನ ಮತ್ತು ಸಕಲೇಶಪುರ ಎರಡು ಉಪವಿಭಾಗಗಳು. ಆ ಕುರ್ಚಿ ಖಾಲಿ ಬಿದ್ದ ಪ್ರತಿ ತಿಂಗಳೂ, ಪ್ರಭಾರದಲ್ಲಿರುವವರು 'ಮುಂದಿನ ದಿನಾಂಕ' ಎಂದು ಬರೆದ ಪ್ರತಿ ಸಲವೂ ನಷ್ಟವಾಗುವುದು ಜಮೀನು ಕಳೆದುಕೊಂಡವನಿಗೆ. ಸ್ವಾಧೀನದಲ್ಲಿರುವವನು ಆರಾಮವಾಗಿ ಕಾಯಬಲ್ಲ.

ಹಾಗಾದರೆ ವರ್ಗಾವಣೆಯೇ ಬೇಡ ಎನ್ನುತ್ತೀರಾ?

ಇಲ್ಲ. ಒಂದೇ ಮೇಜಿನಲ್ಲಿ ಹತ್ತು ಹದಿನೈದು ವರ್ಷ ಬೇರುಬಿಟ್ಟವರನ್ನೂ ಕಂಡಿದ್ದೇನೆ. ಮೇಲಿನವರು ಎಂಟು ತಿಂಗಳಿಗೊಮ್ಮೆ ಬದಲಾಗುತ್ತಾ, ಕೆಳಗಿನ ವಿಷಯ ನಿರ್ವಾಹಕ (ಕಡತ ನೋಡಿಕೊಳ್ಳುವ ಗುಮಾಸ್ತ) ಮಾತ್ರ ಅಲ್ಲೇ ಉಳಿದರೆ ನಿಜವಾದ ಆಡಳಿತ ಅವನ ಕೈಗೆ ಹೋಗುತ್ತದೆ. ಯಾವ ಸರ್ವೆ ನಂಬರಿನ ಪೋಡಿ (ಜಮೀನು ಅಳೆದು ಭಾಗ ಮಾಡುವ ಕೆಲಸ) ಏಕೆ ನಿಂತಿದೆ, ಯಾವ ಕಡತ ಯಾವ ಕಪಾಟಿನಲ್ಲಿದೆ ಎಂಬುದು ಗೊತ್ತಿರುವುದು ಅವನೊಬ್ಬನಿಗೇ. ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಕುಳಿತ ಮಧ್ಯವರ್ತಿಗೂ ಅದು ಗೊತ್ತು. ಹೊಸ ತಹಶೀಲ್ದಾರರಿಗೆ ಮಾತ್ರ ಗೊತ್ತಿಲ್ಲ. ಮೇಲಿನ ಅಸ್ಥಿರತೆ ದಲ್ಲಾಳಿಯನ್ನು ಸಾಕುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಶಿಕ್ಷಕರ ವರ್ಗಾವಣೆಗೆ 2007ರಲ್ಲೇ ಪ್ರತ್ಯೇಕ ಕಾಯ್ದೆ ಬಂತು, 2020ರಲ್ಲಿ ಹೊಸ ಕಾಯ್ದೆ. ಖಾಲಿ ಜಾಗ, ಅಂಕ, ಆದ್ಯತೆ ಎಲ್ಲವೂ ಪರದೆಯ ಮೇಲೆ ಕಾಣುತ್ತದೆ, ಕೌನ್ಸೆಲಿಂಗ್ ನಡೆಯುತ್ತದೆ. ಅದರಲ್ಲೂ ದೂರುಗಳಿವೆ, ಆದರೂ ಒಬ್ಬ ಶಿಕ್ಷಕಿ ತನ್ನ ಸರದಿ ಯಾವಾಗ ಎಂದು ತಾನೇ ಲೆಕ್ಕ ಹಾಕಬಲ್ಲಳು. ಇಂಥ ವ್ಯವಸ್ಥೆ ತಹಶೀಲ್ದಾರರಿಗೂ ಪಿಡಿಒಗಳಿಗೂ (ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೂ) ಬೇಕು ಎಂಬುದು ನನ್ನ ದೃಢ ನಂಬಿಕೆ.

ಪ್ರಾತಿನಿಧ್ಯ ಎಂದರೆ ಮೀಸಲಾತಿ ತಾನೆ? ಅದು ಈಚಿನ ರಾಜಕೀಯವಲ್ಲವೇ?

ಈಚಿನದಲ್ಲ. ಹಾಸನ ಜಿಲ್ಲೆಯೂ, ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರೂ ಮೈಸೂರು ಸಂಸ್ಥಾನದಲ್ಲಿದ್ದ ಕಾಲದಲ್ಲೇ ಈ ಪ್ರಶ್ನೆ ಎದ್ದಿತ್ತು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕೆಂದು 1919ರ ವರದಿ ಹೇಳಿತು. ಶತಮಾನದ ಹಿಂದೆಯೇ 'ಮೇಲಿನ ಹುದ್ದೆ' ಎಂದು ಬೇರೆಯಾಗಿ ಎಣಿಸಿದ್ದನ್ನು ಗಮನಿಸಿ. ಕಚೇರಿಯಲ್ಲಿ ಒಟ್ಟು ಎಷ್ಟು ಜನ ಇದ್ದಾರೆ ಎಂಬುದರ ಜೊತೆಗೆ ಸಹಿ ಹಾಕುವ ಕೈ ಯಾರದು ಎಂಬುದೂ ಮುಖ್ಯವೆಂದು ಅವರಿಗೆ ತಿಳಿದಿತ್ತು.

ಇಂದು ರಾಜ್ಯದ ನೇಮಕಾತಿಯಲ್ಲಿ ಮಹಿಳೆಯರು, ಗ್ರಾಮೀಣ ಅಭ್ಯರ್ಥಿಗಳು, ಕನ್ನಡ ಮಾಧ್ಯಮದಲ್ಲಿ ಓದಿದವರು, ಅಂಗವಿಕಲರು ಇವರಿಗೆಲ್ಲ ಸಮತಲ ಮೀಸಲಾತಿ, ಅಂದರೆ ಪ್ರತಿ ಮೀಸಲು ವರ್ಗದ ಒಳಗೂ ಇವರಿಗೆಂದು ಒಂದು ಪಾಲು, ಇದೆ. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1 ಸೇರಿತು. ದೇಶದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯ ನಮ್ಮದು. ಬಾಗಿಲು ದಾಟುವವರೆಗೆ ನಿಯಮ ಕೈ ಹಿಡಿಯುತ್ತದೆ. ಒಳಗೆ ಬಂದ ಮೇಲೆ ಯಾವ ಹುದ್ದೆ, ಎಷ್ಟು ದಿನ ಎಂಬುದನ್ನು ಯಾವ ರೋಸ್ಟರೂ (ಮೀಸಲಾತಿಯ ಸರದಿ ಪಟ್ಟಿಯೂ) ಹೇಳುವುದಿಲ್ಲ.

ಹಾಸನದಲ್ಲಿ ಎಷ್ಟೋ ಮಹಿಳಾ ಜಿಲ್ಲಾಧಿಕಾರಿಗಳು ಬಂದಿದ್ದಾರಲ್ಲ, ಇನ್ನೇನು ಕೊರತೆ?

ವಿ. ಚೈತ್ರಾ, ರೋಹಿಣಿ ಸಿಂಧೂರಿ, ಸಿ. ಸತ್ಯಭಾಮಾ ಇವರೆಲ್ಲ ಹಾಸನದ ಜಿಲ್ಲಾಧಿಕಾರಿಗಳಾಗಿದ್ದವರು. ರಾಜ್ಯಕ್ಕೆ ತೆರೇಸಾ ಭಟ್ಟಾಚಾರ್ಯ, ಮಾಲತಿ ದಾಸ್, ರತ್ನಪ್ರಭಾ, ವಂದಿತಾ ಶರ್ಮಾ, ಶಾಲಿನಿ ರಜನೀಶ್ ಮುಖ್ಯ ಕಾರ್ಯದರ್ಶಿಗಳಾಗಿದ್ದಾರೆ. 2017ರಲ್ಲಿ ನೀಲಮಣಿ ರಾಜು ಪೊಲೀಸ್ ಇಲಾಖೆಯ ಮುಖ್ಯಸ್ಥೆಯಾದರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಪಕ್ಕದ ಮನೆಯವರನ್ನು ಕೇಳಿ ಹೋಗುತ್ತಿದ್ದೆವು. ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ದಾರಿಯಲ್ಲ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಆದರೆ ಕುರ್ಚಿ ಸಿಕ್ಕರಷ್ಟೇ ಸಾಲದು, ಕಾಲವೂ ಸಿಗಬೇಕು. ಪಕ್ಕದ ಜಿಲ್ಲೆಯ ಮೋಟಮ್ಮ ಅವರನ್ನು ನೆನೆಯಿರಿ. ಮೂಡಿಗೆರೆಯ ದಲಿತ ಕುಟುಂಬದಿಂದ ಬಂದು, ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು. ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳ ಯೋಜನೆ ಶುರುವಾದದ್ದು ಅವರ ಕಾಲದಲ್ಲಿ. ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿ ಹಳ್ಳಿಯಲ್ಲಿ ಗುಂಪು ಕಟ್ಟಿ, ಉಳಿತಾಯ ಕಲಿಸಿ, ಬ್ಯಾಂಕಿಗೆ ಜೋಡಿಸುವ ಕೆಲಸ ಆರು ತಿಂಗಳಲ್ಲಿ ಆಗುವಂಥದ್ದಲ್ಲ. ಅನುಭವದಿಂದ ಬಂದ ನಾಯಕಿಗೆ ಕಾಲವೂ ಸಿಕ್ಕಾಗ ಏನು ಉಳಿಯುತ್ತದೆ ಎಂಬುದಕ್ಕೆ ನಮ್ಮ ಬೀದಿಯ ಗುಂಪಿನ ಪಾಸ್‌ಬುಕ್ಕುಗಳೇ ಸಾಕ್ಷಿ.

ಪಂಚಾಯತಿ ಅಧ್ಯಕ್ಷರು 'ಒಪ್ಪಂದದಂತೆ ರಾಜೀನಾಮೆ' ಕೊಟ್ಟರು ಎಂದು ಪತ್ರಿಕೆಯಲ್ಲಿ ಬರುತ್ತದೆ. ಅದೇನು?

ನನ್ನನ್ನು ಅತಿ ಹೆಚ್ಚು ನೋಯಿಸುವ ವಿಷಯ ಇದು.

ಸಂವಿಧಾನದ 73ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಭಾಗ ಎಂದಿತು. ಕರ್ನಾಟಕ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಸದಸ್ಯ ಸ್ಥಾನಕ್ಕಷ್ಟೇ ಅಲ್ಲದೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೂ ಮೀಸಲಾತಿ ಸರದಿಯಂತೆ ಸುತ್ತುತ್ತದೆ. ಗ್ರಾಮ ಪಂಚಾಯತಿ ಅಧ್ಯಕ್ಷರ ಅವಧಿ ಈಗ 30 ತಿಂಗಳು. ನಡುವೆ ಕೆಲ ವರ್ಷ ಅದನ್ನು ಐದು ವರ್ಷ ಮಾಡಿ ಮತ್ತೆ ಇಳಿಸಿದರು. ಹೀಗೆ ಒಂದು ಊರಿಗೆ 'ಪರಿಶಿಷ್ಟ ಜಾತಿ ಮಹಿಳೆ' ಎಂದು ಮೀಸಲಾತಿ ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ಬಂದಾಗ ಊರಿನ ದೊಡ್ಡವರು ಒಂದು ಮನೆಯ ಜಗಲಿಯಲ್ಲಿ ಕುಳಿತು ಆ 30 ತಿಂಗಳನ್ನು ಹಂಚುತ್ತಾರೆ: ಇವಳಿಗೆ ಹತ್ತು, ಅವಳಿಗೆ ಹತ್ತು, ಇನ್ನೊಬ್ಬಳಿಗೆ ಹತ್ತು. ಕೆಲವು ಕಡೆ ಹದಿನೈದು ಮತ್ತು ಹದಿನೈದು. ಇದಕ್ಕೇ 'ಆಂತರಿಕ ಒಪ್ಪಂದ' ಎನ್ನುವುದು. ಕಾನೂನಿನಲ್ಲಿ ಇದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಮಾತು ಮುರಿದವರಿಗೆ ಅವಿಶ್ವಾಸ ನಿರ್ಣಯದ ಬೆದರಿಕೆ ಇದೆ.

ಒಬ್ಬ ಅಧ್ಯಕ್ಷೆ ನನ್ನ ಬಳಿ ಬರುತ್ತಿದ್ದರು. ಕಾಫಿ ತೋಟದಲ್ಲಿ ಕೂಲಿ ಮಾಡಿದವರು, ಏಳನೇ ತರಗತಿ ಓದಿದವರು. ಮೊದಲ ತಿಂಗಳು ಎಲ್ಲಿ ಸಹಿ ಹಾಕಬೇಕೆಂದು ಪಿಡಿಒ ಬೆರಳಿಟ್ಟು ತೋರಿಸುತ್ತಿದ್ದರಂತೆ. ಮೂರನೇ ತಿಂಗಳಿಗೆ ನಗದು ಪುಸ್ತಕದ ಎಡ ಪುಟ ಜಮೆ, ಬಲ ಪುಟ ಖರ್ಚು ಎಂದು ಕಲಿತರು. ಆರನೇ ತಿಂಗಳಿಗೆ ಬೀದಿ ದೀಪದ ಬಿಲ್ಲನ್ನು ಹಿಡಿದು, "ನಮ್ಮ ಕಾಲೋನಿಯಲ್ಲಿ ಹನ್ನೊಂದು ಕಂಬ ಇವೆ, ಇಲ್ಲಿ ಹದಿನೆಂಟು ಬಲ್ಬು ಬರೆದಿದ್ದೀರಿ" ಎಂದು ಸಭೆಯಲ್ಲಿ ಕೇಳಿದರು. ಒಂಬತ್ತನೇ ತಿಂಗಳಿಗೆ ಕಾಲೋನಿಯ ಕುಡಿಯುವ ನೀರಿನ ಪೈಪಿಗೆ ಕ್ರಿಯಾ ಯೋಜನೆಯಲ್ಲಿ ಹಣ ಇಡಿಸಿದರು. ಹತ್ತನೇ ತಿಂಗಳು ಊರಿನ ದೊಡ್ಡವರು ಅವರಿಂದ ರಾಜೀನಾಮೆ ಬರೆಸಿಕೊಂಡರು. ಅದನ್ನು ಉಪವಿಭಾಗಾಧಿಕಾರಿ ಕಚೇರಿಗೆ ತಲುಪಿಸುವ ದಿನ ನನ್ನ ಎದುರು ಕುಳಿತು, "ಅಕ್ಕಾ, ಈಗ ತಾನೇ ಓದುವುದಕ್ಕೆ ಬರುತ್ತಿತ್ತು" ಎಂದರು.

ಅಂಕಿ ಅಂಶದಲ್ಲಿ ಆ ಪಂಚಾಯತಿ 30 ತಿಂಗಳಲ್ಲಿ ಮೂವರು ಮಹಿಳೆಯರಿಗೆ ಅವಕಾಶ ಕೊಟ್ಟಿದೆ ಎಂದೇ ಕಾಣುತ್ತದೆ. ಮೂವರಲ್ಲಿ ಒಬ್ಬರಿಗೂ ಒಂದು ಪೂರ್ತಿ ಬಜೆಟ್ ಮಾಡಿ, ಅದರ ಹಣ ಖರ್ಚಾದದ್ದನ್ನು ನೋಡುವ ಕಾಲ ಸಿಕ್ಕಿಲ್ಲ.

ಅಧ್ಯಕ್ಷೆಯ ಬದಲು ಗಂಡನೇ ಆಡಳಿತ ನಡೆಸುತ್ತಾನೆ, ಹಾಗಿದ್ದ ಮೇಲೆ ಅವಧಿ ಹೆಚ್ಚಾದರೇನು ಪ್ರಯೋಜನ?

ಸಭೆಯಲ್ಲಿ ಗಂಡ ಕೂರುವುದಕ್ಕೆ ಅವಕಾಶವೇ ಇಲ್ಲ. ಕುಳಿತರೆ ಪಿಡಿಒ ಎಬ್ಬಿಸಬೇಕು, ಎಬ್ಬಿಸದಿದ್ದರೆ ಜಿಲ್ಲಾ ಪಂಚಾಯತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ದೂರು ಕೊಡಿ. ಆದರೆ ನಾನು ಕಂಡಂತೆ ಗಂಡನ ಹಿಡಿತ ಸಡಿಲವಾಗುವುದು ಎರಡನೇ ವರ್ಷದಲ್ಲಿ. ಅಷ್ಟು ಹೊತ್ತಿಗೆ ಹೆಂಗಸಿಗೆ ಕಚೇರಿಯ ಭಾಷೆ ಬಂದಿರುತ್ತದೆ, ಇಂಜಿನಿಯರ್ ನಂಬರ್ ಅವಳ ಮೊಬೈಲಿನಲ್ಲೇ ಇರುತ್ತದೆ. ಹತ್ತು ತಿಂಗಳಿಗೆ ಇಳಿಸಿದರೆ ಆ ಎರಡನೇ ವರ್ಷ ಬರುವುದೇ ಇಲ್ಲ.

ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳಲ್ಲಿ ಯಾರಿದ್ದಾರೆ?

2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಆಡಳಿತಾಧಿಕಾರಿಗಳ ಕೈಗೆ ಹೋದವು. ನಗರಸಭೆ, ಪುರಸಭೆಗಳ ಕಥೆಯೂ ಹತ್ತಿರ ಹತ್ತಿರ ಅದೇ: ರಾಜ್ಯದ ಹಲವೆಡೆ ಮೊದಲ ಅವಧಿ 2023ರಲ್ಲಿ ಮುಗಿದರೂ ಎರಡನೇ ಅವಧಿಯ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಅರ್ಧ ಮಹಿಳೆಯರಿರಬೇಕಾದ ಸಭೆಯೇ ಇಲ್ಲದಿದ್ದರೆ ಮೀಸಲಾತಿಯ ಮಾತೆಲ್ಲಿ?

ಕಾಡಾನೆ ಸಮಸ್ಯೆಗೂ ವರ್ಗಾವಣೆಗೂ ಸಂಬಂಧ ಇದೆಯೇ?

ಸಕಲೇಶಪುರ, ಆಲೂರು, ಬೇಲೂರಿನವರು ಈ ಪ್ರಶ್ನೆ ಕೇಳುತ್ತಾರೆ. ಇದೆ. ಬೀಟಮ್ಮ ಎಂದು ಹೆಸರಿಟ್ಟ ಆನೆಯ ಗುಂಪು ಯಾವ ಕೆರೆಯ ದಾರಿ ಹಿಡಿಯುತ್ತದೆ, ಭುವನೇಶ್ವರಿ ಎಂಬ ಆನೆಯ ಗುಂಪು ಭತ್ತ ಹಾಲು ತುಂಬುವ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಆನೆ ಕಾರ್ಯಪಡೆಯ ಹುಡುಗರ ತಲೆಯಲ್ಲಿರುತ್ತದೆ. ಅವರಲ್ಲಿ ಹಲವರು ಹೊರಗುತ್ತಿಗೆಯವರು. ಅವರ ಮಾತು ಕೇಳಿ ನಿರ್ಧಾರ ತೆಗೆದುಕೊಳ್ಳುವ ವಲಯ ಅರಣ್ಯಾಧಿಕಾರಿ ಒಂದು ಸುಗ್ಗಿಯನ್ನಾದರೂ ಪೂರ್ತಿ ನೋಡದೆ ಹೊರಟರೆ ಮುಂದಿನವರು ಮತ್ತೆ ಮೊದಲ ಪಾಠಕ್ಕೆ ಕೂರಬೇಕು. ಇಲ್ಲಿ ಆ ಪಾಠದ ಬೆಲೆ ಜೀವ.

ಹೊರ ರಾಜ್ಯದ ಅಧಿಕಾರಿಗೆ ನಮ್ಮ ಕಷ್ಟ ತಿಳಿಯುತ್ತದೆಯೇ?

ತಿಳಿಯುತ್ತದೆ, ಉಳಿದರೆ. ಕನ್ನಡ ಕಲಿತು, ರೈತರೊಂದಿಗೆ ಗದ್ದೆಯ ಬದುವಿನ ಮೇಲೆ ಕುಳಿತು ಮಾತಾಡಿದವರನ್ನು ಕಂಡಿದ್ದೇನೆ. ಊರಿನ ಯಾವ ಬಣಕ್ಕೂ ಸೇರದವರಾದ್ದರಿಂದ ಕೆಲವು ತೀರ್ಮಾನಗಳು ಅವರಿಗೇ ಸುಲಭ.

ನಾನೊಬ್ಬ ಸಾಮಾನ್ಯ ನಾಗರಿಕ. ಏನು ಮಾಡಲಿ?

ಮೊದಲು, ನಿಮ್ಮ ಅರ್ಜಿ ಸಕಾಲ ಸೇವೆಗಳ ಪಟ್ಟಿಯಲ್ಲಿದ್ದರೆ ಸ್ವೀಕೃತಿ ಸಂಖ್ಯೆ ಪಡೆಯದೆ ಕೌಂಟರ್ ಬಿಡಬೇಡಿ. 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆ ಕಾಯ್ದೆಯಲ್ಲಿ ಗಡುವು ಹುದ್ದೆಗೆ ಅಂಟಿಕೊಂಡಿದೆ, ಹೆಸರಿಗಲ್ಲ. 'ಸಾಹೇಬರು ಹೊಸಬರು' ಎಂಬ ಉತ್ತರ ಒಪ್ಪಬೇಕಾಗಿಲ್ಲ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವಿದೆ. ಹಣ ಸಣ್ಣದು, ಆದರೆ ಮೇಲ್ಮನವಿ ಹಾಕಿದ ಕ್ಷಣ ಕಡತ ಅಲ್ಲಾಡುತ್ತದೆ.

ವಿಚಾರಣೆ ಮುಗಿದು ಆದೇಶಕ್ಕೆ ಕಾದಿರುವ ಪ್ರಕರಣ ನಿಮ್ಮದಾಗಿದ್ದರೆ, ಅಧಿಕಾರಿ ಬದಲಾದ ವಾರದೊಳಗೆ ಹೊಸಬರಿಗೆ ಒಂದು ಪುಟದ ಮನವಿ ಕೊಡಿ: ಪ್ರಕರಣ ಸಂಖ್ಯೆ, ಕೊನೆಯ ವಿಚಾರಣೆಯ ದಿನಾಂಕ, ಯಾವ ದಾಖಲೆ ಯಾವ ಪುಟದಲ್ಲಿದೆ. ಚಾರ್ಜ್ ಪಟ್ಟಿಯಲ್ಲಿ ಇಲ್ಲದ ಆ ಸಾಲನ್ನು ನೀವೇ ಬರೆದುಕೊಟ್ಟಂತಾಗುತ್ತದೆ. ಮನವಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಆಮೇಲೆ, ತಲೆ ಎತ್ತಿ ಗೋಡೆ ನೋಡಿ. ಸಾಮಾನ್ಯವಾಗಿ ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿಯ ಕುರ್ಚಿಯ ಹಿಂದೆ ಒಂದು ಮರದ ಫಲಕ ಇರುತ್ತದೆ: ಹೆಸರು, ಇಂದ, ವರೆಗೆ. ಹಳೆಯ ಸಾಲುಗಳಲ್ಲಿ ಎರಡು ವರ್ಷ, ಮೂರು ವರ್ಷ ಕಾಣುತ್ತವೆ. ಕೆಳಗೆ ಬಂದಂತೆ ತಿಂಗಳುಗಳು. ನಾನಿದ್ದ ಒಂದು ಕಚೇರಿಯಲ್ಲಿ ಫಲಕ ತುಂಬಿ, ಪೇಂಟರ್ ಪಕ್ಕದಲ್ಲಿ ಇನ್ನೊಂದು ಹೊಡೆದ. ಪಂಚಾಯತಿಯಲ್ಲೂ ಅಧ್ಯಕ್ಷರ ಫಲಕ ಇರುತ್ತದೆ. ಹೆಸರುಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಎಂದು ಎಣಿಸಿದ ಮೇಲೆ, ಅವರ ಹೆಸರಿನ ಮುಂದಿನ ದಿನಾಂಕಗಳನ್ನೂ ಕಳೆದು ನೋಡಿ.

ಫಲಕ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಬರೆದುಕೊಡುವ ಒಕ್ಕಣೆ ಇದು, ಹಾಗೆಯೇ ನಕಲು ಮಾಡಿಕೊಳ್ಳಬಹುದು: "ದಿನಾಂಕ 1-1-2011ರಿಂದ ಈವರೆಗೆ ಈ ಗ್ರಾಮ ಪಂಚಾಯತಿಯ ಅಧ್ಯಕ್ಷರಾಗಿದ್ದವರ ಹೆಸರು, ಆ ಅವಧಿಗೆ ಅಧ್ಯಕ್ಷ ಸ್ಥಾನಕ್ಕೆ ನಿಗದಿಯಾಗಿದ್ದ ಮೀಸಲಾತಿ, ಅಧಿಕಾರ ವಹಿಸಿಕೊಂಡ ದಿನಾಂಕ, ಬಿಟ್ಟ ದಿನಾಂಕ ಮತ್ತು ಬಿಡಲು ದಾಖಲಾದ ಕಾರಣ, ಇವುಗಳ ದೃಢೀಕೃತ ಪಟ್ಟಿ ಒದಗಿಸಿ."

ಪಟ್ಟಿ ಬಂದ ಮೇಲೆ ಮುಂದಿನ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ ಗಟ್ಟಿಯಾಗಿ ಓದಿ, ಓದಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಓದಲು ಕಷ್ಟವಾದರೆ ನನ್ನಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇದ್ದೇವೆ, ಕರೆದುಕೊಂಡು ಹೋಗಿ.